ಸೂಜಿ ಸರಿಯಾಗೇ ಇತ್ತು

"ಪಂಪ್‌ಸೆಟ್ ಮೋಟಾರ್ ಸುತ್ತೋರ ಮಗಳು ಈ ಪರೀಕ್ಷೆ ಪಾಸ್ ಮಾಡೋದು ಈ ಜನ್ಮದಲ್ಲಿ ಆಗೋ ಮಾತಲ್ಲ" ಅಂದವರು ನಾನು ಕೆಲಸ ಮಾಡುವ ದಾವಣಗೆರೆಯ ಆಸ್ಪತ್ರೆಯಲ್ಲಿ ಅರಿವಳಿಕೆ ವಿಭಾಗದ ಮುಖ್ಯಸ್ಥರು. ಥಿಯೇಟರಿನಲ್ಲಿ ಎಲ್ಲರೂ ಅವರನ್ನು ದೊಡ್ಡ ಡಾಕ್ಟರು ಅನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಆ ಮಾತನ್ನು ಅವರು ನನ್ನ ಮುಖಕ್ಕೆ ಹೇಳಲಿಲ್ಲ. ಚಹಾ ಕುಡಿಯುತ್ತಾ ಬೆನ್ನುಮೂಳೆಯ ಸರ್ಜನ್ನರಿಗೆ ಹೇಳಿದರು. ಬಾಗಿಲು ಅರ್ಧ ತೆರೆದಿತ್ತು. ನಾನು ಹೊರಗೆ ಸಿಂಕಿನ ಹತ್ತಿರ ನಿಂತು ನನ್ನ ಮೆಷಿನ್ನಿನ ವೈರುಗಳನ್ನು ಸ್ಪಿರಿಟ್ಟಿನಲ್ಲಿ ಒರೆಸುತ್ತಿದ್ದೆ. ಸರ್ಜನ್ನರು ನಕ್ಕರೋ ಇಲ್ಲವೋ ಕೇಳಿಸಲಿಲ್ಲ. ಒರೆಸಿದ ವೈರನ್ನೇ ಆವತ್ತು ಮೂರು ಸಲ ಒರೆಸಿದೆ.

ಆ ಮಾತು ಮರೆತಿಲ್ಲ. ಕ್ಷಮಿಸಿಬಿಟ್ಟೆ ಅಂತ ಬರೆದರೆ ಓದುವವರಿಗೆ ಹಿತವಾಗಬಹುದು, ಆದರೆ ಅದು ಸುಳ್ಳಾಗುತ್ತದೆ.

ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಬೆನ್ನುಹುರಿಯ ಹತ್ತಿರ ಆಪರೇಷನ್ ಮಾಡುವಾಗ ನರಕ್ಕೆ ಪೆಟ್ಟಾಗುತ್ತಿದೆಯೋ ಇಲ್ಲವೋ ಆಗಲೇ ತಿಳಿಯಬೇಕು. ರೋಗಿ ಎಚ್ಚರವಿದ್ದರೆ ಕಾಲು ಆಡಿಸಿ ನೋಡೋಣ ಅನ್ನಬಹುದಿತ್ತು. ಎಚ್ಚರವಿಲ್ಲದ ರೋಗಿಗೆ ಆ ಪ್ರಶ್ನೆಯನ್ನು ನನ್ನ ಮೆಷಿನ್ನು ಕೇಳುತ್ತದೆ. ನೆತ್ತಿಗೆ ಚುಚ್ಚಿದ ಸೂಜಿಯಿಂದ ಸಣ್ಣ ಕರೆಂಟು ಕೊಡುತ್ತೇನೆ. ಅದು ಬೆನ್ನುಹುರಿಯಲ್ಲಿ ಇಳಿದು ಕೈಕಾಲಿನ ಸ್ನಾಯುಗಳಲ್ಲಿ ಅಲೆಯಾಗಿ ಪರದೆಯ ಮೇಲೆ ಕಾಣುತ್ತದೆ. ಇನ್ನೊಂದು ಪರೀಕ್ಷೆ ತಿರುಗುಮುರುಗು. ಕಾಲಿನ ಗಿಣ್ಣಿನ ಹತ್ತಿರ ಕೊಟ್ಟ ಕರೆಂಟನ್ನು ತಲೆಯಲ್ಲಿ ಹಿಡಿಯುವುದು. ಮೂರನೆಯದು ಬಹಳ ಸರಳ. ಮಣಿಕಟ್ಟಿಗೆ ನಾಲ್ಕು ಸಲ ಕರೆಂಟು ಕೊಟ್ಟರೆ ಹೆಬ್ಬೆರಳು ನಾಲ್ಕು ಸಲ ಕುಣಿಯಬೇಕು. ಕುಣಿಯದಿದ್ದರೆ ಸ್ನಾಯು ಸಡಿಲಿಸುವ ಔಷಧಿ ಇನ್ನೂ ಮೈಯಲ್ಲಿದೆ ಎಂದರ್ಥ.

ತೊಡಕು ಇರುವುದು ಔಷಧಿಗಳಲ್ಲಿ. ನಿದ್ದೆಯ ಮುಖ್ಯ ಔಷಧಿ ಒಂದು ಹೋಗುತ್ತಿರುತ್ತದೆ, ಅದರ ಲೆಕ್ಕ ಎಲ್ಲರಿಗೂ ಗೊತ್ತು. ಅದರ ಜೊತೆಗೆ ನೋವಿಗೆ, ಬಿಪಿಗೆ, ಎದೆಬಡಿತಕ್ಕೆ ಅಂತ ಕೊಡುವ ಸಹಾಯಕ ಔಷಧಿಗಳೇ ನನ್ನ ಅಲೆಗಳನ್ನು ಆಟ ಆಡಿಸುವುದು. ಕೆಟಮಿನ್ ಕೊಟ್ಟರೆ ಅಲೆ ಸ್ವಲ್ಪ ಎದ್ದು ನಿಲ್ಲುತ್ತದೆ. ಡೆಕ್ಸ್‌ಮೆಡ್ ಸಣ್ಣಗೆ ಹರಿದರೆ ತಕರಾರಿಲ್ಲ, ಒಮ್ಮೆಲೇ ತಳ್ಳಿದರೆ ಅಲೆ ಮಲಗಿಬಿಡಬಹುದು. ಮೆಗ್ನೀಸಿಯಂ ಇನ್ನೊಂದು ಥರ. ಇಳಿದುಹೋಯಿತು ಅಂದುಕೊಂಡ ಸಡಿಲಿಕೆ ಔಷಧಿಯ ಉಳಿಕೆಗೆ ಅದು ಮತ್ತೆ ಜೀವ ಕೊಡುತ್ತದೆ. ಇವು ಯಾವುದೂ ವಿಷವಲ್ಲ, ಒಳ್ಳೆಯ ಔಷಧಿಗಳೇ. ಕೊಟ್ಟದ್ದನ್ನು ನನಗೆ ಹೇಳಬೇಕು, ಅಷ್ಟೆ. ನಮ್ಮ ಥಿಯೇಟರಿನಲ್ಲಿ ಹೇಳುವ ಪದ್ಧತಿ ಇರಲಿಲ್ಲ. ರೋಗಿಯ ತಲೆಯ ಕಡೆ ಹಸಿರು ಬಟ್ಟೆ ಅಡ್ಡ ಕಟ್ಟಿರುತ್ತಾರೆ. ಅದರ ಆಚೆ ದೊಡ್ಡ ಡಾಕ್ಟರ ರಾಜ್ಯ.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಅದರ ಮೇಲೆ ಈ ನಿಗಾ ಕೆಲಸದ ಸರ್ಟಿಫಿಕೇಟು ಬೇಕಿತ್ತು. ಪರೀಕ್ಷೆಗೆ ಕೂರಲು ಲಾಗ್‌ಬುಕ್ ತುಂಬಿಸಬೇಕು. ಪ್ರತಿ ಕೇಸಿನ ಪುಟದಲ್ಲೂ ಸರ್ಜನ್ನರದೊಂದು ಸಹಿ, ಅರಿವಳಿಕೆ ಮುಖ್ಯಸ್ಥರದೊಂದು ಸಹಿ. ಒಂದು ಪುಟ ಖಾಲಿ ಇದ್ದರೂ ಹಾಲ್ ಟಿಕೆಟ್ ಇಲ್ಲ.

ಆ ಒಂದು ಪುಟ ಖಾಲಿ ಬಿದ್ದದ್ದು ಬೆನ್ನಿನ ಗಡ್ಡೆ ತೆಗೆಯುವ ಒಂದು ಕೇಸಿನಲ್ಲಿ. ನಡುವೆ ನಾಲ್ಕೂ ಕೈಕಾಲಿನ ಅಲೆ ಒಟ್ಟಿಗೇ ಬಿದ್ದುಹೋಯಿತು. ನಾನು ಕೂಗಿ ಹೇಳಿದೆ. ಸರ್ಜನ್ನರು ಕೈ ಎತ್ತಿ ನಿಂತರು.

"ಸೂಜಿ ಕಿತ್ತಿರತ್ತೆ, ನೋಡಮ್ಮ" ಅಂದರು ದೊಡ್ಡ ಡಾಕ್ಟರು ಬಟ್ಟೆಯ ಆಚೆಯಿಂದ.

ನೋಡಿದೆ. ಒಂದೂ ಕಿತ್ತಿರಲಿಲ್ಲ. "ಸರ್, ಏನಾದ್ರೂ ಔಷಧಿ ಕೊಟ್ರಾ?" ಅಂತ ಕೇಳಿದೆ.

"ನನ್ನ ಕೆಲಸ ನಿನಗೆ ವರದಿ ಮಾಡೋದಲ್ಲ. ನಿನ್ನ ಸೂಜಿ ನೀನು ನೋಡ್ಕೊ."

ಮುಕ್ಕಾಲು ಗಂಟೆ ಕೆಲಸ ನಿಂತಿತು. ಆಮೇಲೆ ಅಲೆಗಳು ತಾವಾಗಿಯೇ ವಾಪಸ್ ಬಂದವು. ರೋಗಿ ಚೆನ್ನಾಗಿಯೇ ಎದ್ದ. ಆದರೆ ಕೇಸ್ ಶೀಟಿನಲ್ಲಿ "ತಂತ್ರಜ್ಞೆಯ ದೋಷ, ಸೂಜಿ ಸಡಿಲ" ಅಂತ ದೊಡ್ಡ ಡಾಕ್ಟರು ಬರೆದರು. ಲಾಗ್‌ಬುಕ್ ಚಾಚಿದರೆ ಮುಚ್ಚಿ ವಾಪಸ್ ಕೊಟ್ಟರು. "ದೋಷ ಇರೋ ಪುಟಕ್ಕೆ ಸಹಿ ಹೆಂಗಮ್ಮ ಹಾಕ್ಲಿ?" ಮರುದಿನದಿಂದ ಒಂದು ತಿಂಗಳು ನನ್ನನ್ನು ಓಪಿಡಿಗೆ ಹಾಕಿದರು. ಸಕ್ಕರೆ ಕಾಯಿಲೆಯವರ ಕಾಲಿಗೆ ನರದ ಪರೀಕ್ಷೆ ಮಾಡುವುದು.

ಆ ತಿಂಗಳು ಹರಿಹರಕ್ಕೆ ಬೇಗ ಬರುತ್ತಿದ್ದೆ. ಮನೆಗೆ ಹೋಗುವ ಮುಂಚೆ ಅಪ್ಪನ ರಿವೈಂಡಿಂಗ್ ಅಂಗಡಿಯಲ್ಲಿ ಸ್ಟೂಲ್ ಎಳೆದುಕೊಂಡು ಕೂರುತ್ತಿದ್ದೆ. ದೊಡ್ಡ ಡಾಕ್ಟರು ಬರೆದದ್ದನ್ನೂ ಸಹಿ ಹಾಕದ್ದನ್ನೂ ಅಪ್ಪನಿಗೆ ಹೇಳಿದ್ದೆ. ಸುಟ್ಟ ಮೋಟಾರು ಬಂದರೆ ಅಪ್ಪ ತಂದವರನ್ನು ಏನೂ ಕೇಳುವುದಿಲ್ಲ. ಮೊದಲು ಬಿಚ್ಚುತ್ತಾರೆ, ಒಳಗಿನ ಸುರುಳಿ ನೋಡುತ್ತಾರೆ, ಕಂಡದ್ದನ್ನು ಚಾಕ್‌ಪೀಸಿನಲ್ಲಿ ಶಟರಿನ ಮೇಲೆ ತಾರೀಕು ಸಮೇತ ಬರೆಯುತ್ತಾರೆ. ಮಾತು ಆಮೇಲೆ. ಒಂದು ಸಂಜೆ ಭಾನುವಳ್ಳಿಯ ಒಬ್ಬರು ಮೋಟಾರು ಇಳಿಸಿದರು.

"ಏನಾಗಿತ್ತೋ ಗೊತ್ತಿಲ್ರಿ, ಸುಮ್ನೆ ನಿಂತಿತ್ತು, ಹೊಗೆ ಬಂತು" ಅಂದರು.

ಅಪ್ಪ ಬಿಚ್ಚಿದರು. ಮೂರು ಫೇಸಿನ ಸುರುಳಿಗಳಲ್ಲಿ ಎರಡು ಇದ್ದಿಲಾಗಿದ್ದವು, ಒಂದು ಹೊಸ ತಾಮ್ರದ ಹಾಗೆ ಹೊಳೆಯುತ್ತಿತ್ತು. "ಎರಡು ಫೇಸಲ್ಲಿ ಓಡ್ಸೀರಿ."

"ಇಲ್ರೀಪಾ, ಎಲ್ಲಾರ ಉಂಟಾ? ದೇವರಾಣೆ."

"ದೇವರು ಯಾಕ ಬೇಕು, ಶಟರ್ ಮ್ಯಾಲೆ ಬರದೀನಿ, ಓದ್ಕೊಳ್ರಿ." ಅವರು ಹೋದ ಮೇಲೆ ನನ್ನ ಕಡೆ ತಿರುಗಿ, "ಮೂವತ್ತು ವರ್ಷ ಆತವ್ವ, ಎರಡು ಫೇಸಲ್ಲಿ ಓಡಿಸ್ದೆ ಅಂತ ಒಪ್ಪಿದ ಗಂಡಸನ್ನ ನಾ ನೋಡಿಲ್ಲ. ಒಂದು ಲೈನ್ ಹೋದ್ರೆ ಸುರುಳಿ ಹಿಂಗೆ ಅರ್ಧಮರ್ಧ ಸುಡ್ತೈತೆ. ಲೋಡ್ ಜಾಸ್ತಿ ಆಗಿದ್ರೆ ಎಲ್ಲಾ ಒಂದೇ ಸಮ ಕಪ್ಪಾಗ್ತೈತೆ. ಮನುಷ್ಯ ಏನಾರ ಹೇಳ್ಲಿ, ತಾಮ್ರ ಸುಳ್ಳು ಹೇಳಲ್ಲ" ಅಂದರು.

ನಾಲ್ಕೂ ಒಟ್ಟಿಗೆ ಬಿದ್ದಿದ್ದವು ನನ್ನ ಅಲೆಗಳು. ಬೆನ್ನಿನಲ್ಲಿ ಪೆಟ್ಟಾಗಿದ್ದರೆ ಕಾಲಿನದು ಹೋಗಿ ಕೈಯದು ಉಳಿಯಬೇಕಿತ್ತು. ಸೂಜಿ ಕಿತ್ತಿದ್ದರೆ ಒಂದೇ ಹೋಗಬೇಕಿತ್ತು. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಆದರೆ ಆವತ್ತು ಬಾಯಿಬಿಟ್ಟು ಹೇಳಲು ನನ್ನ ಹತ್ತಿರ ಶಟರು ಇರಲಿಲ್ಲ.

ತಿಂಗಳು ಮುಗಿದು ಥಿಯೇಟರಿಗೆ ವಾಪಸ್ ಬಂದಾಗ ಇನ್ನೂರು ಪುಟದ ಒಂದು ನೋಟ್‌ಬುಕ್ ತಂದೆ. ಸಮಯಕ್ಕೊಂದು ಸಾಲು, ಯಾವ ಔಷಧಿ, ಅಲೆ ಎಷ್ಟು, ಹೆಬ್ಬೆರಳು ಎಷ್ಟು ಸಲ ಕುಣಿಯಿತು. ಔಷಧಿಯ ಕಾಲಂ ಮಾತ್ರ ಮೊದಲ ವಾರ ಪೂರ್ತಿ ಖಾಲಿ. ಅದನ್ನು ತುಂಬಿಸಿಕೊಟ್ಟವರು ಆನೆಕೊಂಡದಿಂದ ಬರುತ್ತಿದ್ದ ಹಿರಿಯ ಸಿಸ್ಟರು. ನನ್ನ ಖಾಲಿ ಕಾಲಂ ಒಮ್ಮೆ ಬಗ್ಗಿ ನೋಡಿದರು. ಮಾರನೆಯ ದಿನ ಪ್ರತಿ ಔಷಧಿಯ ಗಾಜಿನ ಕೊಳವೆ ಒಡೆಯುವಾಗಲೂ ಅದರ ಹೆಸರನ್ನು ಗಟ್ಟಿಯಾಗಿ ಹೇಳತೊಡಗಿದರು.

"ಕೆಟಮಿನ್ ಹಾಕ್ತಿದೀನ್ರಿ ಸರ್!"

"ಏನಮ್ಮ, ಸಂತೇಲಿ ಕೂಗಿದಂಗೆ ಕೂಗ್ತೀಯ?" ಅಂದರು ದೊಡ್ಡ ಡಾಕ್ಟರು.

"ಕಿವಿ ಮಂದ ಆಗೈತ್ರಿ ಸರ್. ನನ್ ಮಾತು ನನಗೇ ಕೇಳವಲ್ದು. ವಯಸ್ಸಾತಲ್ರಿ."

ಕಾಲಂ ತುಂಬತೊಡಗಿತು. ಸುಮ್ಮನೆ ಕಲಿಯುವುದಕ್ಕೆ ಬರೆಯುತ್ತಿದ್ದೆ ಅಂತ ಹೇಳುವುದಿಲ್ಲ. ಒಂದು ದಿನ ಇದನ್ನು ಅವರ ಮುಂದೆ ಬಿಚ್ಚಿ ಇಡಬೇಕು ಅಂತಲೇ ಬರೆಯುತ್ತಿದ್ದೆ.

ಆ ದಿನ ಬಂದದ್ದು ಮಾಯಕೊಂಡದ ಹುಡುಗಿಯ ಕೇಸಿನಲ್ಲಿ. ಒಂಬತ್ತನೆಯ ಕ್ಲಾಸು, ಬೆನ್ನು ಒಂದು ಕಡೆಗೆ ಬಾಗಿತ್ತು. ಎರಡು ರಾಡು ಹಾಕಿ ನೆಟ್ಟಗೆ ಮಾಡುವ ಆಪರೇಷನ್. ಹಿಂದಿನ ದಿನ ವಾರ್ಡಿಗೆ ಹೋದಾಗ ಆಕೆಯ ತಾಯಿ, "ಮೇಡಮ್ಮರೇ, ಬೆನ್ನು ನೆಟ್ಟಗಾದ್ರೆ ಸಾಕು ಅಂತ ಬಂದ್ವಿ. ಈಗ ಬಾಗಿದಂಗೇ ಇರ್ಲಿ, ನಡದ್ರೆ ಸಾಕು ಅನ್ನಸ್ತೈತ್ರಿ" ಅಂದರು. ಹುಡುಗಿಗೆ ಅದರ ಚಿಂತೆ ಇರಲಿಲ್ಲ.

"ಎಷ್ಟು ಸೂಜಿ ಚುಚ್ತೀರಿ ಅಕ್ಕಾ?"

"ಒಂದೊಂದು ಕಾಲಿಗೆ ನಾಕು."

"ಎಚ್ಚರ ಇದ್ದಾಗ?"

"ಇಲ್ಲ, ನೀನು ಮಲಗಿದ ಮೇಲೆ."

"ಹಂಗಾರ ನಾಕು ಯಾಕ, ಎಂಟು ಚುಚ್ರಿ."

ಬೆಳಿಗ್ಗೆ ಮೊದಲ ಕೇಸಾಗಿ ತೆಗೆದುಕೊಂಡರು. ಶುರುವಿನಲ್ಲಿ ಕೊಟ್ಟ ಸಡಿಲಿಕೆ ಔಷಧಿ ಇಳಿಯುವ ತನಕ ಕಾದು, ಹೆಬ್ಬೆರಳು ನಾಲ್ಕೂ ಸಲ ಕುಣಿದ ಮೇಲೆ ನಾಲ್ಕೂ ಕೈಕಾಲಿನ ಅಲೆ ತೆಗೆದು ಭದ್ರ ಮಾಡಿಟ್ಟೆ. ಚೆಂದದ ಅಲೆಗಳು. ಹನ್ನೊಂದೂ ಹತ್ತಕ್ಕೆ ಬಿಪಿ ಏರುತ್ತಿದೆ ಅಂತ ಬಟ್ಟೆಯ ಆಚೆ ಓಡಾಟವಾಯಿತು.

"ಮೆಗ್ನೀಸಿಯಂ ಹಚ್ಚಿದೆ ಸರ್!" ಅಂದರು ಸಿಸ್ಟರು.

ಈಗ ಬರೆಯುವುದನ್ನು ಬರೆಯದೆ ಬಿಡಬಹುದಿತ್ತು. ಆಗಲೇ ನಾನು ಸರ್ಜನ್ನರಿಗೆ ಹೇಳಬೇಕಿತ್ತು, ಸರ್, ಈ ಔಷಧಿಗೆ ಅಲೆ ಬೀಳಬಹುದು ಅಂತ. ಹೇಳಲಿಲ್ಲ. ಸಮಯ ಬರೆದೆ, ಕೆಳಗೆ ಗೆರೆ ಎಳೆದೆ. ಬೀಳಲಿ ಅಂದುಕೊಂಡೆ. ಈ ಸಲ ಬಿದ್ದರೆ ಯಾರಿಂದ ಅನ್ನುವುದು ಬರಹದಲ್ಲಿ ಇರುತ್ತದೆ ಅಂದುಕೊಂಡೆ. ಮೇಜಿನ ಮೇಲೆ ಮಲಗಿದ್ದ ಮಗು ಆ ಹೊತ್ತು ನನ್ನ ತಲೆಯಲ್ಲಿ ಇರಲಿಲ್ಲ.

ಹನ್ನೊಂದೂ ಮೂವತ್ತೆಂಟಕ್ಕೆ ಸರ್ಜನ್ನರು ರಾಡು ತಿರುಗಿಸಿ ಬೆನ್ನನ್ನು ನೆಟ್ಟಗೆ ಮಾಡಿದರು. ಹನ್ನೊಂದೂ ನಲವತ್ತಕ್ಕೆ ಕರೆಂಟು ಕೊಟ್ಟೆ. ಪರದೆಯ ಮೇಲೆ ಎರಡೂ ಕಾಲಿನ ಗೆರೆ ನೆಲದ ಹಾಗೆ ಮಟ್ಟಸವಾಗಿತ್ತು. ಕೈಯದು ನೋಡಿದೆ. ಅದೂ ಮಟ್ಟಸ.

"ಸಿಗ್ನಲ್ ಇಲ್ಲ ಸರ್. ನಾಲ್ಕೂ ಇಲ್ಲ."

"ಸೂಜಿ ನೋಡಮ್ಮ ಮೊದ್ಲು" ಅಂತ ಆಚೆಯಿಂದ ಬಂತು. ಅದೇ ದನಿ, ಅದೇ ಮಾತು.

"ಸೂಜಿ ಸರಿ ಇದೆ ಸರ್. ಮೆಷಿನ್ನೇ ತೋರಿಸ್ತಿದೆ."

ಸರ್ಜನ್ನರು ತಲೆ ಎತ್ತಿದರು. ಹಣೆಯ ಮೇಲೆ ಬೆವರಿತ್ತು. "ರಾಡ್ ಬಿಚ್ಚಲಾ? ಹೇಳು."

ಬೇರೆ ಪರೀಕ್ಷೆ ನೋಡಿದೆ. ಕಾಲಿನಿಂದ ತಲೆಗೆ ಏರುವ ಅಲೆ ಮೊದಲಿನ ಹಾಗೇ ಇತ್ತು. ಮಣಿಕಟ್ಟಿಗೆ ನಾಲ್ಕು ಸಲ ಕರೆಂಟು ಕೊಟ್ಟೆ. ಹೆಬ್ಬೆರಳು ಒಂದು ಸಲ ಅಲುಗಿತು, ನಿಂತಿತು. ಎಲ್ಲಾ ಒಂದೇ ಸಮ ಕಪ್ಪು.

"ಸರ್, ಹೆಬ್ಬೆರಳು ನಾಲ್ಕರಲ್ಲಿ ಒಂದೇ ಬರ್ತಿದೆ. ಹನ್ನೊಂದೂ ಹತ್ತಕ್ಕೆ ಮೆಗ್ನೀಸಿಯಂ ಹಚ್ಚಿದ್ದಾರೆ. ಸ್ನಾಯುನೇ ಮಲಗಿದೆ, ಬೆನ್ನುಹುರಿ ಕತೆ ಏನು ಅಂತ ಈಗ ಹೇಳಕ್ಕಾಗಲ್ಲ. ರಾಡ್ ಇನ್ನು ತಿರುಗಿಸ್ಬೇಡಿ. ಔಷಧಿ ನಿಲ್ಲಿಸಿ ಹತ್ತು ನಿಮಿಷ ಕೊಡಿ. ಕೈ ವಾಪಸ್ ಬಂದು ಕಾಲು ಬರದೇ ಹೋದ್ರೆ ಆಗ ಬಿಚ್ಚಿ."



"ಯಾವ ಪುಸ್ತಕದಲ್ಲಿ ಓದಿದ್ದಮ್ಮ ಇದು?" ಅಂದರು ದೊಡ್ಡ ಡಾಕ್ಟರು. "ಅಷ್ಟು ಡೋಸಿಗೆ ಏನೂ ಆಗಲ್ಲ."

"ನಿಲ್ಲಿಸಿ" ಅಂದರು ಸರ್ಜನ್ನರು. ನನಗಲ್ಲ, ಅವರಿಗೆ.

ಡ್ರಿಪ್ ನಿಂತಿತು. ಆಮೇಲೆ ಬಟ್ಟೆಯ ಆಚೆ ಔಷಧಿಯ ಗಾಜಿನ ಕೊಳವೆಯೊಂದು ಒಡೆದ ಸಣ್ಣ ಸದ್ದು. ದೊಡ್ಡ ಡಾಕ್ಟರು ತಾವೇ ಒಡೆದಿದ್ದರು, ಏನೂ ಹೇಳಿರಲಿಲ್ಲ. ಸಿಸ್ಟರು ಹೇಳಿದರು: "ಕ್ಯಾಲ್ಸಿಯಂ ಕೊಡ್ತಿದಾರ್ರಿ ಸರ್!" ಮೆಗ್ನೀಸಿಯಂ ಇಳಿಸಲು ಕೊಡುವುದು ಅದನ್ನೇ. ಏನೂ ಆಗಿರದಿದ್ದರೆ ಅದು ಯಾಕೆ ಬೇಕಿತ್ತು? ಹನ್ನೊಂದೂ ನಲವತ್ತಾರು ಅಂತ ಬರೆದೆ. ಕೆಳಗೆ ಎರಡು ಗೆರೆ ಎಳೆದೆ.

ಹೆಬ್ಬೆರಳು ಎರಡು ಸಲ ಕುಣಿಯಿತು, ಮೂರಾಯಿತು, ಆಮೇಲೆ ನಾಲ್ಕು. ಕೈಯ ಅಲೆ ಎದ್ದಿತು. ಬಲಗಾಲಿನದು ಎದ್ದಿತು. ಗೆದ್ದೆ ಅನ್ನಿಸಿತು. ಎಲ್ಲಾ ಬಂತು ಸರ್ ಅಂತ ಹೇಳಲು ಬಾಯಿ ತೆರೆದೂ ಆಗಿತ್ತು.

ಎಡಗಾಲು ಬಂದಿರಲಿಲ್ಲ.

ಇನ್ನೊಂದು ಸಲ ಕರೆಂಟು ಕೊಟ್ಟೆ. ಇಲ್ಲ. ಕಾಲು ಬರದಿದ್ದರೆ ಬಿಚ್ಚಿ ಅಂತ ನಾನೇ ಹೇಳಿದ್ದರೂ ಎಲ್ಲರ ಕಿವಿಗೆ ಬಿದ್ದದ್ದು ಮೆಗ್ನೀಸಿಯಂ ಅನ್ನುವ ಮಾತೇ. ಈಗ ಎಡಗಾಲು ಇಲ್ಲ ಅಂದರೆ ನನ್ನ ಮಾತು ನಾನೇ ನುಂಗಿದ ಹಾಗೆ, ಅವರು ಬಿಡುತ್ತಾರೆಯೇ? ಅರ್ಧ ನಿಮಿಷ ಆಗಿರಬಹುದು. ಎಂಟು ಚುಚ್ರಿ ಅಂದಿದ್ದಳು ಹುಡುಗಿ. ಎಡಗಾಲಿನಲ್ಲಿ ಚುಚ್ಚಿದ ನಾಲ್ಕೂ ಸೂಜಿಯನ್ನು ಕೈಯಾರೆ ಮುಟ್ಟಿ ನೋಡಿದೆ. ಗಟ್ಟಿಯಾಗಿದ್ದವು.

"ಸರ್, ಎಡಗಾಲು ಬಂದಿಲ್ಲ. ಇದು ಔಷಧಿ ಅಲ್ಲ. ಇದು ನಿಜವಾದದ್ದು."

"ನೋಡಿದ್ರಾ?" ದೊಡ್ಡ ಡಾಕ್ಟರು ನಕ್ಕರು. "ಐದು ನಿಮಿಷಕ್ಕೊಂದು ಕತೆ. ಆಗ ಮೆಗ್ನೀಸಿಯಂ, ಈಗ ಬೇರೆ."

"ಎರಡೂ ಸರ್" ಅಂದೆ. "ಮೆಗ್ನೀಸಿಯಂ ಇದನ್ನ ಮುಚ್ಚಿಟ್ಟಿತ್ತು."

ಸರ್ಜನ್ನರು ಅವರ ಕಡೆ ತಿರುಗಿಯೂ ನೋಡಲಿಲ್ಲ. ರಾಡು ಸಡಿಲಿಸಿ ತಿರುಗಿಸಿದ್ದರಲ್ಲಿ ಸ್ವಲ್ಪ ವಾಪಸ್ ಬಿಟ್ಟರು. ಎರಡು ನಿಮಿಷಕ್ಕೊಮ್ಮೆ ಕರೆಂಟು ಕೊಡುತ್ತಾ ಹೋದೆ. ಆರನೆಯ ಸಲಕ್ಕೆ ಎಡಗಾಲಿನ ಗೆರೆಯಲ್ಲಿ ಸಣ್ಣ ಉಬ್ಬು ಕಂಡಿತು. ಆಮೇಲೆ ಅಲೆಯಾಯಿತು. ಬೆನ್ನು ಅಂದುಕೊಂಡಷ್ಟು ನೆಟ್ಟಗಾಗಲಿಲ್ಲ, ಸ್ವಲ್ಪ ಬಾಗು ಉಳಿಯಿತು. ಅಷ್ಟಕ್ಕೇ ಸಾಕು ಅಂದು ಹೊಲಿಗೆ ಹಾಕಿದರು.

ಎಚ್ಚರವಾದಾಗ ಸರ್ಜನ್ನರು ಪಾದ ಆಡಿಸಲು ಹೇಳಿದರು. ಹುಡುಗಿ ಬಲಗಾಲು ಆಡಿಸಿದಳು, ಎಡಗಾಲೂ ಆಡಿಸಿದಳು. ಕಣ್ಣು ಮುಚ್ಚಿಕೊಂಡೇ, "ಎಂಟು ಚುಚ್ಚಿದ್ರಾ ಅಕ್ಕಾ?" ಅಂದಳು. ನಾನು ಹೊರಗೆ ಬಂದು ಅದೇ ಸಿಂಕಿನ ಹತ್ತಿರ ಮುಖ ತೊಳೆದುಕೊಂಡೆ.

ತಿಂಗಳ ಕೊನೆಗೆ ಎಲ್ಲಾ ಕೇಸುಗಳ ಪರಿಶೀಲನಾ ಸಭೆ ಇರುತ್ತದೆ. ಈ ಕೇಸನ್ನು ಹೇಳುವ ಸರದಿ ನನ್ನದು. ಸಭೆಯ ಮುಂಚೆ ದೊಡ್ಡ ಡಾಕ್ಟರು ನನ್ನನ್ನು ಒಳಗೆ ಕರೆದರು. ಕೂರು ಅಂದರು, ಮೊದಲ ಸಲ.

"ಒಳ್ಳೆ ಕೆಲಸ ಮಾಡಿದೀಯ. ಔಷಧಿ ವಿಷಯ ಅಷ್ಟು ಬಿಡಿಸಿ ಹೇಳೋದು ಬೇಡ. ನಿನ್ನ ಲಾಗ್‌ಬುಕ್ ತಂದಿದೀಯಾ? ಕೊಡು, ಆ ಪುಟಕ್ಕೂ ಸಹಿ ಹಾಕ್ತೀನಿ."

ನನಗೆ ಬೇಕಾಗಿದ್ದದ್ದು ಆ ಸಹಿಯೇ. ಒಂದು ವರ್ಷದಿಂದ ಕಾದಿದ್ದೆ. ಲಾಗ್‌ಬುಕ್ ಬ್ಯಾಗಿನಲ್ಲೇ ಇತ್ತು.

"ಇವತ್ತು ತಂದಿಲ್ಲ ಸರ್" ಅಂದೆ.

ಸಭೆಯಲ್ಲಿ ನೋಟ್‌ಬುಕ್ಕಿನ ಪುಟಗಳನ್ನು ಪರದೆಯ ಮೇಲೆ ಹಾಕಿದೆ. ಹನ್ನೊಂದೂ ಹತ್ತು, ನಲವತ್ತು, ನಲವತ್ತಾರು. ಅಷ್ಟಕ್ಕೆ ನಿಲ್ಲಲಿಲ್ಲ. ಹಳೆಯ ಗಡ್ಡೆಯ ಕೇಸನ್ನೂ ತೆಗೆದೆ. ಮೆಷಿನ್ನಿನ ಒಳಗೆ ಅಲೆ ಬಿದ್ದ ಗಳಿಗೆ ಸೆಕೆಂಡು ಸಮೇತ ಉಳಿದಿರುತ್ತದೆ. ರೆಕಾರ್ಡ್ ರೂಮಿನಿಂದ ಆ ದಿನದ ಅರಿವಳಿಕೆ ಚಾರ್ಟಿನ ನಕಲು ತರಿಸಿದ್ದೆ. ಅಲೆ ಬೀಳುವ ನಾಲ್ಕು ನಿಮಿಷ ಮುಂಚೆ ಡೆಕ್ಸ್‌ಮೆಡ್ ಒಮ್ಮೆಲೇ ತಳ್ಳಿದ್ದು ಅದರಲ್ಲಿತ್ತು, ಅವರದೇ ಅಕ್ಷರದಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟೆ.

ಸರ್ಜನ್ನರು ತುಂಬ ಹೊತ್ತು ನೋಡಿದರು. ಆಮೇಲೆ ನನ್ನನ್ನೇ ಕೇಳಿದರು: "ಮೆಗ್ನೀಸಿಯಂ ಹಚ್ಚಿದ್ದು ಹನ್ನೊಂದೂ ಹತ್ತಕ್ಕೆ ಅಂತ ಬರೆದಿದೀಯ. ನನಗೆ ಹೇಳಿದ್ದು ನಲವತ್ತಕ್ಕೆ. ಮಧ್ಯೆ ಏನು ಮಾಡ್ತಿದ್ದೆ?"

ಈ ಪ್ರಶ್ನೆ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. "ಹಿಂದಿನ ಸಲ ಕೇಳಿದ್ದಕ್ಕೆ ಓಪಿಡಿಗೆ ಹಾಕಿದ್ರು ಸರ್" ಅಂದೆ. ಅದು ಅರ್ಧ ನಿಜ. ಇನ್ನರ್ಧ ಮೇಲೆ ಬರೆದಿದ್ದೇನೆ.

"ಇನ್ಮೇಲೆ ಔಷಧಿ ಕೊಡೋರು ಹೆಸರು ಹೇಳ್ಬೇಕು, ಮೆಷಿನ್ ಹತ್ರ ಇರೋರು ಅದರಿಂದ ಏನಾಗ್ಬಹುದು ಅಂತ ತಿರುಗಿ ಹೇಳ್ಬೇಕು. ಇಬ್ಬರೂ" ಅಂದರು ಸರ್ಜನ್ನರು. ನನ್ನನ್ನು ನೋಡಿಯೇ ಅಂದರು.

ಸಭೆ ಮುಗಿದ ಮೇಲೆ ಹಳೆಯ ಕೇಸ್ ಶೀಟನ್ನು ದೊಡ್ಡ ಡಾಕ್ಟರ ಮುಂದೆ ಇಟ್ಟೆ. "ಇದನ್ನ ತಿದ್ದಬೇಕು ಸರ್."

"ಸಹಿ ಹಾಕ್ತೀನಿ ಅಂದೆನಲ್ಲಮ್ಮ."

"ಸಹಿ ಆಮೇಲೆ. ಮೊದ್ಲು ಇದು."

ಎಲ್ಲರೂ ಇನ್ನೂ ಅಲ್ಲೇ ಇದ್ದರು. ಅವರು ಪೆನ್ನು ತೆಗೆದು "ತಂತ್ರಜ್ಞೆಯ ದೋಷ" ಅನ್ನುವುದಕ್ಕೆ ಗೆರೆ ಹೊಡೆದರು. ನಾನು ಕಾಗದ ತೆಗೆದುಕೊಳ್ಳಲಿಲ್ಲ. "ಸೂಜಿ ಸರಿಯಾಗೇ ಇತ್ತು ಅಂತ ಬರೀಬೇಕು ಸರ್" ಅಂದೆ. ಬರೆದರು. ಅಕ್ಷರ ಸಣ್ಣದಾಗಿತ್ತು. ಓದಲು ಬರುತ್ತದೆಯೇ ಅಂತ ಬೆಳಕಿಗೆ ಹಿಡಿದು ನೋಡಿಯೇ ಲಾಗ್‌ಬುಕ್ಕನ್ನು ಬ್ಯಾಗಿನಿಂದ ತೆಗೆದೆ. ಅದು ಬ್ಯಾಗಿನಲ್ಲೇ ಇದ್ದದ್ದನ್ನು ಅವರು ನೋಡಲಿ ಅಂತಲೇ ಅಲ್ಲಿ ತೆಗೆದೆ.

ಸಣ್ಣತನ ಅನ್ನುವವರು ಅನ್ನಲಿ. ಆ ತಿಂಗಳು ಓಪಿಡಿಯಲ್ಲಿ ಕೂತವಳು ನಾನು.

ಪರೀಕ್ಷೆ ಕಷ್ಟವಿತ್ತು. ಅರಿವಳಿಕೆ ಔಷಧಿಗಳ ಪತ್ರಿಕೆಯಲ್ಲಿ ಮಾತ್ರ ಪೆನ್ನು ಎಲ್ಲೂ ನಿಲ್ಲಲಿಲ್ಲ. ಪಾಸಾದೆ. ಸರ್ಟಿಫಿಕೇಟು ಬಂದರೆ ಸೆಮಿನಾರ್ ಹಾಲಿನಲ್ಲಿ ಎಲ್ಲರ ಮುಂದೆ ಕೊಡುವುದು ನಮ್ಮ ಆಸ್ಪತ್ರೆಯ ಪದ್ಧತಿ. ಕೊಡುವವರು ಹಿರಿಯ ಮುಖ್ಯಸ್ಥರು. ಹಿರಿಯ ಮುಖ್ಯಸ್ಥರು ಅಂದರೆ ಅವರೇ.

ಅಪ್ಪ ಅಂಗಡಿ ಮುಚ್ಚಿ ಹರಿಹರದಿಂದ ಬಸ್ಸಿಗೆ ಬಂದರು. ಇಸ್ತ್ರಿ ಮಾಡಿದ ಅಂಗಿ, ಉಗುರಿನ ಸಂದಿಯಲ್ಲಿ ವಾರ್ನಿಷ್ ಹಾಗೇ ಇತ್ತು. ಕೊನೆಯ ಸಾಲಿನಲ್ಲಿ, ಸಿಸ್ಟರ ಪಕ್ಕ ಕೂತರು. ನನ್ನ ಹೆಸರು ಕರೆದರು. ದೊಡ್ಡ ಡಾಕ್ಟರು ಸರ್ಟಿಫಿಕೇಟು ಚಾಚಿದರು, ಫೋಟೋಗೆ ನಗಬೇಕಾಗಿತ್ತು, ನಕ್ಕರು. ಎರಡೂ ಕೈಯಲ್ಲಿ ಹಿಡಿದುಕೊಂಡೆ. ಫೋಟೋ ತೆಗೆಯುವವರು ಇನ್ನೊಂದು ಅಂದರು. ಇನ್ನೊಂದಕ್ಕೂ ಅವರು ನಗಬೇಕಾಯಿತು.

ಹೊರಗೆ ಮೆಟ್ಟಿಲ ಹತ್ತಿರ ಅವರು ಎದುರಾದಾಗ ಅಪ್ಪ ಕೈಮುಗಿದರು. "ನಮಸ್ಕಾರ್ರಿ ಸಾಹೇಬ್ರ. ನಮ್ ಹುಡುಗಿಗೆ ಭಾಳ ಕಲಿಸೀರಿ ಅಂತ ಕೇಳೀನಿ."

"ಚುರುಕಿದಾಳೆ, ಚುರುಕಿದಾಳೆ" ಅನ್ನುತ್ತಾ ಅವರು ಕಾರಿನ ಕಡೆ ನಡೆದರು.

ಅಪ್ಪ ಸರ್ಟಿಫಿಕೇಟನ್ನು ನನ್ನ ಕೈಯಿಂದ ತೆಗೆದುಕೊಂಡು ನಿಧಾನಕ್ಕೆ ಓದಿದರು. ಇಂಗ್ಲಿಷು ಅವರಿಗೆ ಬರುವುದಿಲ್ಲ. ನನ್ನ ಹೆಸರಿನ ಮೇಲೆ ಬೆರಳಿಟ್ಟರು, ಕೆಳಗಿದ್ದ ಸಹಿಯ ಮೇಲೆ ಬೆರಳಿಟ್ಟರು. ತಲೆ ಎತ್ತಿ, ಗೇಟು ದಾಟುತ್ತಿದ್ದ ಕಾರನ್ನು ನೋಡಿದರು.

"ಇವ್ರೇನವ್ವ ಅವ್ರು?"

"ಹೂಂ ಅಪ್ಪಾ."

"ನೋಡಿದ ಕೂಡ್ಲೆ ಗೊತ್ತಾತು" ಅಂದರು. "ಎರಡು ಫೇಸಲ್ಲಿ ಓಡಿಸಿದ ಮುಖ."